ಶೀಘ್ರಲಿಪಿ: ಅದರ ಹುಟ್ಟು ಮತ್ತು ಬೆಳವಣಿಗೆ

ಮಾತು ವೇಗವಾದುದು, ಬರಹ ನಿಧಾನವಾದುದು. ಇಂಗ್ಲಿಷಿನಲ್ಲಿ ಭಾಷಣ ಮಾಡುವವನು ನಿಮಿಷಕ್ಕೆ ಸುಮಾರು ೧೨೦ರಿಂದ ೧೫೦ ಪದಗಳನ್ನು ಸಲೀಸಾಗಿ ಆಡುತ್ತಾನೆ. ಆದರೆ ಎಷ್ಟೇ ಚುರುಕಾದ ಕೈಯಾದರೂ ಅಕ್ಷರಗಳನ್ನು ಬಿಡಿಸಿ ಬರೆಯುವಾಗ ನಿಮಿಷಕ್ಕೆ ಮೂವತ್ತು ಪದಗಳ ಸುಮಾರಿಗೆ ದಣಿದುಬಿಡುತ್ತದೆ. ತರಗತಿಯಲ್ಲಿ ಉಪನ್ಯಾಸಕರ ಪಾಠವನ್ನು ಬರೆದುಕೊಳ್ಳಲು ಹೆಣಗುವ ನಮ್ಮೆಲ್ಲರಿಗೂ ಈ ಅಂತರವೆಷ್ಟೆಂಬುದು ಚೆನ್ನಾಗಿ ಗೊತ್ತು. ಅವರು ನಾಲ್ಕನೆಯ ಕಾರಣವನ್ನು ಹೇಳುತ್ತಿರುವಾಗ ನಾವು ಎರಡನೆಯ ಕಾರಣದ ಕ್ರಿಯಾಪದವನ್ನು ಹುಡುಕುತ್ತಿರುತ್ತೇವೆ. ನಾಲಗೆಗೂ ಕೈಗೂ ನಡುವೆ ಇರುವ ಈ ದೂರವನ್ನು ಕಡಿಮೆ ಮಾಡಲು ಮಾನವನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಮಾಡಿಕೊಂಡು ಬಂದ ಪ್ರಯತ್ನದ ಫಲವೇ ಶೀಘ್ರಲಿಪಿ. ಅದರ ಹಳೆಯ ಪದ್ಧತಿಗಳನ್ನು ಸ್ಥೂಲವಾಗಿ ಪರಿಚಯ ಮಾಡಿಕೊಡುವುದೂ, ಅವುಗಳಿಂದ ಕನ್ನಡಿಗರಾದ ನಾವು ತಿಳಿಯಬೇಕಾದುದೇನೆಂದು ವಿಚಾರಿಸುವುದೂ ಈ ಲೇಖನದ ಉದ್ದೇಶ.

ವ್ಯಾಸರು ಹೇಳಿದ ಮಹಾಭಾರತವನ್ನು ಗಣಪತಿಯು ಬರೆದನೆಂಬ ಕಥೆಯನ್ನು ಕೇಳದವರಾರು? ಬರೆಯಲು ತೊಡಗಿದ ಮೇಲೆ ತನ್ನ ಲೇಖನಿ ಕ್ಷಣವೂ ನಿಲ್ಲಬಾರದೆಂದು ಗಣಪತಿಯು ಕಟ್ಟುಪಾಡು ಹಾಕಿದನಂತೆ. ಅರ್ಥವಾಗದೆ ಒಂದು ಶ್ಲೋಕವನ್ನೂ ಬರೆಯಬಾರದೆಂದು ವ್ಯಾಸರು ಮರುಕಟ್ಟುಪಾಡು ಹಾಕಿದರಂತೆ. ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸರು ಈ ಪ್ರಸಂಗವು ಮೂಲದಲ್ಲಿ ಇರಲಿಲ್ಲವೆಂದು ನಿರ್ಣಯಿಸಿ ಅದನ್ನು ಅನುಬಂಧಕ್ಕೆ ಸೇರಿಸಿದ್ದಾರೆ. ಇರಲಿ. ಕಥೆಯನ್ನು ಕಟ್ಟಿದವನು ಯಾವನೇ ಆಗಿರಲಿ, ವೇಗದ ಬರಹದ ಗುಟ್ಟನ್ನು ಬಲ್ಲವನಾಗಿದ್ದನು. ಕೈ ನಿಲ್ಲಬಾರದು, ಬುದ್ಧಿಯೂ ಮಲಗಬಾರದು. ಶೀಘ್ರಲಿಪಿಯ ಇಡೀ ಚರಿತ್ರೆಯು ಈ ಎರಡು ಕಟ್ಟುಪಾಡುಗಳ ನಡುವಣ ಜಗ್ಗಾಟವೇ ಆಗಿದೆ.

ನಮ್ಮ ನಾಡಿನ ಸಂಕ್ಷೇಪಗಳು

ಬರಹವನ್ನು ಮೊಟಕುಗೊಳಿಸುವ ಅಭ್ಯಾಸ ನಮಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಶುದ್ಧಪಕ್ಷಕ್ಕೆ ‘ಶು’, ಬಹುಳಪಕ್ಷಕ್ಕೆ ‘ಬ’, ಸೋಮವಾರಕ್ಕೆ ‘ಸೋ’, ಗದ್ಯಾಣವೆಂಬ ನಾಣ್ಯಕ್ಕೆ ‘ಗ’ ಎಂದು ಒಂದೊಂದೇ ಅಕ್ಷರವನ್ನು ಕೆತ್ತಿರುವುದುಂಟು. ಕಲ್ಲಿನ ಮೇಲೆ ಒಂದು ಅಕ್ಷರ ಉಳಿದರೆ ಕಲ್ಲುಕುಟಿಗನ ಶ್ರಮವೂ ಅಷ್ಟು ಉಳಿಯಿತು. ಮದುವೆಯ ಕರೆಯೋಲೆಯಲ್ಲಿ ‘ಚಿ||’ ಎಂಬುದನ್ನು ಚಿರಂಜೀವಿ ಎಂದೂ, ‘ಸೌ||’ ಎಂಬುದನ್ನು ಸೌಭಾಗ್ಯವತಿ ಎಂದೂ ನಾವು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳುತ್ತೇವೆ.

ಇದಕ್ಕಿಂತ ಮುಂದಿನ ಹೆಜ್ಜೆ ಮೋಡಿ ಬರಹ. ಮರಾಠಿಯ ಲೆಕ್ಕಪತ್ರಗಳಿಗಾಗಿ ಬೆಳೆದ ಈ ಲಿಪಿಯಲ್ಲಿ ಲೇಖನಿಯನ್ನು ಆದಷ್ಟು ಮೇಲೆತ್ತದೆ ಅಕ್ಷರದಿಂದ ಅಕ್ಷರಕ್ಕೆ ಕೊಂಡಿ ಹಾಕಿ ಬರೆಯುತ್ತಿದ್ದರು. ಯಾದವರ ಮಂತ್ರಿ ಹೇಮಾದ್ರಿಯು ೧೩ನೆಯ ಶತಮಾನದಲ್ಲಿ ಅದನ್ನು ರೂಢಿಗೆ ತಂದನೆಂದು ಪ್ರತೀತಿ. ಮರಾಠರ ಆಳ್ವಿಕೆಗೆ ಒಳಪಟ್ಟ ಕನ್ನಡ ಸೀಮೆಗಳಲ್ಲಿ ಈ ಬರಹ ಬಳಕೆಯಲ್ಲಿತ್ತು. ಶಿವಮೊಗ್ಗ ಜಿಲ್ಲೆಯ ಕೆಳದಿಯಲ್ಲಿ ಮೋಡಿ ಕಾಗದಗಳ ಸಂಗ್ರಹವಿದೆ. ಅವನ್ನು ಓದಬಲ್ಲವರಾಗಿದ್ದ ಕೆಳದಿ ಗುಂಡಾ ಜೋಯಿಸರ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿದೆ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲನ್ನು ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಸಿ ಮಾಡಿದ ಕಡತಗಳ ಮೇಲೆ ಬಳಪದಿಂದ ಬರೆಯುವ ಪದ್ಧತಿಯೂ ನಮ್ಮಲ್ಲಿತ್ತು. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ತಾಳೆಗರಿಯನ್ನು ಕಂಟದಿಂದ ಕೊರೆಯುವುದಕ್ಕಿಂತ ಬಟ್ಟೆಯ ಮೇಲೆ ಬಳಪ ಓಡಿಸುವುದು ಕೈಗೆ ಹಗುರವೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಇವೆಲ್ಲವೂ ಬರಹವನ್ನು ಚುರುಕುಗೊಳಿಸಿದವೇ ಹೊರತು ಮಾತನ್ನು ಬೆನ್ನಟ್ಟಿ ಹಿಡಿಯಲಿಲ್ಲ. ಮೋಡಿಯು ಕಚೇರಿಯ ಬರಹ. ಮನಸ್ಸಿನಲ್ಲಿ ಮೊದಲೇ ಸಿದ್ಧವಾದ ಲೆಕ್ಕವನ್ನು ಬೇಗ ಮುಗಿಸುವ ಸಾಧನ. ಎದುರಿಗಿರುವವನು ಆಡಿದ ಮಾತನ್ನು ಆಡಿದ ಹಾಗೆಯೇ ಹಿಡಿಯಬೇಕೆಂಬ ಹಂಬಲಕ್ಕೆ ಬೇರೊಂದು ಬಗೆಯ ಲಿಪಿ ಬೇಕು. ಅದನ್ನು ಹುಡುಕುತ್ತ ನಾವು ಗ್ರೀಸ್ ಮತ್ತು ರೋಮ್ ದೇಶಗಳಿಗೆ ಹೋಗಬೇಕಾಗುತ್ತದೆ.

ಅಥೆನ್ಸಿನ ಕಲ್ಲು, ರೋಮಿನ ಗುಲಾಮ

ಅಥೆನ್ಸ್ ನಗರದ ಅಕ್ರೊಪೊಲಿಸ್ ಗುಡ್ಡದಲ್ಲಿ ಕ್ರಿ. ಪೂ. ನಾಲ್ಕನೆಯ ಶತಮಾನದ ಒಂದು ಒಡೆದ ಕಲ್ಲು ದೊರೆತಿದೆ. ಅಕ್ಷರಗಳನ್ನು ಹ್ರಸ್ವಗೊಳಿಸಿ ಬರೆಯುವ ಒಂದು ಕ್ರಮವನ್ನು ಅದರಲ್ಲಿ ವಿವರಿಸಿದೆ. ಇದರ ಸ್ವಾರಸ್ಯವೇನೆಂದರೆ, ಅಲ್ಲಿ ಸ್ವರವೇ ಮೂಲ. ಸ್ವರದ ಗುರುತಿನಲ್ಲಿ ಸಣ್ಣ ಮಾರ್ಪಾಡು ಮಾಡಿ ವ್ಯಂಜನವನ್ನು ಸೂಚಿಸುತ್ತಿದ್ದರು. ನಮ್ಮ ಕಾಗುಣಿತದಲ್ಲಿ ‘ಕ’ ಎಂಬ ವ್ಯಂಜನವು ಗಟ್ಟಿಯಾಗಿ ನಿಂತು ಸ್ವರಗಳು ಅದಕ್ಕೆ ತಲೆಕಟ್ಟಾಗಿ, ಕೊಂಬಾಗಿ, ಗುಡಿಸಾಗಿ ಬಂದು ಸೇರುತ್ತವೆ. ಅಥೆನ್ಸಿನವನು ಇದನ್ನೇ ತಲೆಕೆಳಗು ಮಾಡಿದ್ದನು. ಆ ಕ್ರಮವು ಎಷ್ಟರಮಟ್ಟಿಗೆ ಬಳಕೆಗೆ ಬಂದಿತೋ, ಕಲ್ಲಂತೂ ಅದನ್ನು ಹೇಳುವುದಿಲ್ಲ.

ಶೀಘ್ರಲಿಪಿಯು ಚರಿತ್ರೆಯ ಬೆಳಕಿಗೆ ಸ್ಪಷ್ಟವಾಗಿ ಬರುವುದು ರೋಮಿನಲ್ಲಿ. ಪ್ರಸಿದ್ಧ ವಾಗ್ಮಿ ಸಿಸೆರೋವಿನ ಬಳಿ ಟೈರೋ ಎಂಬ ಗುಲಾಮನಿದ್ದನು. ಒಡೆಯನ ಪತ್ರಗಳನ್ನೂ ಭಾಷಣಗಳನ್ನೂ ಬರೆದುಕೊಳ್ಳುವುದು ಅವನ ಕೆಲಸ. ಅವನ ಕೆಲಸಕ್ಕೆ ಮೆಚ್ಚಿ ಸಿಸೆರೋವು ಕ್ರಿ. ಪೂ. ೫೩ರಲ್ಲಿ ಅವನನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದನು. ಟೈರೋವಿನ ಹೆಸರಿನಿಂದಲೇ ರೋಮನರ ಶೀಘ್ರಲಿಪಿಗೆ ‘ಟೈರೋನಿಯನ್ ಗುರುತುಗಳು’ ಎಂಬ ಹೆಸರು ನಿಂತಿತು. ಪದದ ಮೊದಲಕ್ಷರದ ಒಂದು ತುಂಡನ್ನೋ ಎರಡಕ್ಷರಗಳ ಬೆಸುಗೆಯನ್ನೋ ತೆಗೆದುಕೊಂಡು ಇಡೀ ಪದಕ್ಕೆ ಒಂದು ಚಿಹ್ನೆ ಮಾಡುವುದು ಅದರ ತತ್ತ್ವ. ಪದದ ಕೊನೆಯ ಪ್ರತ್ಯಯವನ್ನು ಪಕ್ಕದಲ್ಲಿ ಇನ್ನೊಂದು ಸಣ್ಣ ಗುರುತಿನಿಂದ ತೋರಿಸುತ್ತಿದ್ದರು.

ಗ್ರಂಥಕರ್ತನಾದ ಪ್ಲೂಟಾರ್ಕನು ಒಂದು ಪ್ರಸಂಗವನ್ನು ಹೇಳುತ್ತಾನೆ. ಕ್ರಿ. ಪೂ. ೬೩ರಲ್ಲಿ ಕ್ಯಾಟಿಲೈನನ ಸಂಚಿನ ವಿಚಾರವಾಗಿ ಸೆನೆಟ್ ಸಭೆಯಲ್ಲಿ ಬಿಸಿಬಿಸಿಯಾದ ವಾದವಾಯಿತು. ಆಗ ಕನ್ಸಲ್ ಪದವಿಯಲ್ಲಿದ್ದ ಸಿಸೆರೋವು ವೇಗವಾಗಿ ಬರೆಯಬಲ್ಲ ಲೇಖಕರಿಗೆ ಮೊದಲೇ ಗುರುತುಗಳನ್ನು ಕಲಿಸಿ, ಸಭೆಯ ಬೇರೆಬೇರೆ ಕಡೆಗಳಲ್ಲಿ ಅವರನ್ನು ಕೂರಿಸಿದ್ದನಂತೆ. ಕೇಟೋ ಮಾಡಿದ ಭಾಷಣಗಳಲ್ಲಿ ಉಳಿದುಬಂದುದು ಅಂದಿನದೊಂದೇ ಎಂದೂ, ಉಳಿದುದು ಈ ಲೇಖಕರಿಂದ ಎಂದೂ ಪ್ಲೂಟಾರ್ಕನ ಹೇಳಿಕೆ. ಮಾತಿಗೆ ಸಾಕ್ಷಿ ಬೇಕೆಂದು ರಾಜಕಾರಣಿಯು ಲೇಖಕರನ್ನು ಕೂರಿಸಿದ್ದು ಬಹುಶಃ ಅಲ್ಲಿಂದಲೇ ಮೊದಲು. ಇಂದು ನಮ್ಮ ವಿಧಾನಸಭೆಯಲ್ಲಿ ವರದಿಗಾರರು ಕಲಾಪವನ್ನು ಬರೆದುಕೊಳ್ಳುವುದು ಅದೇ ಸಂಪ್ರದಾಯದ ಮುಂದುವರಿಕೆ.

ಈ ವಿದ್ಯೆಯು ರೋಮಿನಲ್ಲಿ ಎಷ್ಟು ಹಬ್ಬಿತೆಂದರೆ, ಟೈಟಸ್ ಚಕ್ರವರ್ತಿಯು ತನ್ನ ಲೇಖಕರೊಡನೆ ವಿನೋದಕ್ಕಾಗಿ ಶೀಘ್ರಲಿಪಿಯ ಪಂದ್ಯ ಕಟ್ಟುತ್ತಿದ್ದನೆಂದು ಸ್ವಿಟೋನಿಯಸನು ಬರೆದಿದ್ದಾನೆ. ಆದರೆ ಚಕ್ರವರ್ತಿಗೆ ಅದು ಆಟ. ದಿನನಿತ್ಯ ಅದನ್ನು ಮಾಡುತ್ತಿದ್ದವರು ಗುಲಾಮರು. ತತ್ತ್ವಜ್ಞನಾದ ಸೆನೆಕನು ತನ್ನ ಒಂದು ಪತ್ರದಲ್ಲಿ ಈ ವಿಷಯವನ್ನೆತ್ತುತ್ತಾನೆ. ನಾಲಗೆಯ ವೇಗವನ್ನು ಕೈ ಹಿಂಬಾಲಿಸುವಂತೆ ಮಾಡುವ ಈ ಗುರುತುಗಳು ತೀರ ಕೀಳಾದ ಗುಲಾಮರ ಕಲ್ಪನೆಯೆಂದೂ, ವಿವೇಕದ ದೃಷ್ಟಿ ಇದಕ್ಕಿಂತ ಎತ್ತರದ್ದೆಂದೂ ಅವನ ಅಭಿಪ್ರಾಯ. ಅವನು ತಾತ್ಸಾರದಿಂದ ಹೇಳಿದ ಮಾತನ್ನು ನಾವು ಗೌರವದಿಂದ ಓದಬೇಕು. ಸೆನೆಟಿನ ದೊಡ್ಡವರ ಮಾತನ್ನು ನಮಗೆ ಉಳಿಸಿಕೊಟ್ಟವರು, ಸ್ವಂತ ಮಾತಿಗೆ ಆ ಸಭೆಯಲ್ಲಿ ಸ್ಥಾನವೇ ಇಲ್ಲದಿದ್ದ ಜನ ಎಂಬುದನ್ನು ಸೆನೆಕನೇ ಒಪ್ಪಿಕೊಂಡಂತಾಯಿತು.

ಒಂದು ಕರಾರುಪತ್ರ

ಪ್ರಾಚೀನ ಶೀಘ್ರಲಿಪಿಯ ವಿಷಯದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದುದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳಲ್ಲಿ ಸಿಕ್ಕಿದ ಒಂದು ಪಪೈರಸ್ ಕಾಗದ. ಅದು ಕ್ರಿ. ಶ. ೧೫೫ರದು, ಗ್ರೀಕ್ ಭಾಷೆಯಲ್ಲಿದೆ. ಊರಿನ ಒಬ್ಬ ಗೃಹಸ್ಥನು ಚೈರಮ್ಮೋನ್ ಎಂಬ ತನ್ನ ಗುಲಾಮ ಹುಡುಗನನ್ನು ಅಪೊಲೋನಿಯಸ್ ಎಂಬ ಶೀಘ್ರಲಿಪಿಗಾರನ ಬಳಿ ಎರಡು ವರ್ಷ ಕಲಿಯಲು ಬಿಟ್ಟ ಕರಾರು ಅದರಲ್ಲಿದೆ. ಒಟ್ಟು ಶುಲ್ಕ ೧೨೦ ದ್ರಾಕ್ಮಾ ಬೆಳ್ಳಿ ನಾಣ್ಯ. ಮೊದಲ ೪೦ನ್ನು ಆಗಲೇ ಕೊಟ್ಟಾಗಿದೆ. ಎರಡನೆಯ ೪೦ ಹುಡುಗನು ಗುರುತುಗಳ ಪಾಠವನ್ನೆಲ್ಲ ಕಲಿತ ಮೇಲೆ. ಕೊನೆಯ ೪೦ ಅವಧಿಯ ಅಂತ್ಯದಲ್ಲಿ, ಹುಡುಗನು ಎಲ್ಲ ಬಗೆಯ ಬರಹವನ್ನೂ ತಡೆಯಿಲ್ಲದೆ ಬರೆದು ತಪ್ಪಿಲ್ಲದೆ ಓದಿ ತೋರಿಸಿದರೆ. ಹಬ್ಬದ ರಜೆಗಳ ವಿಷಯವೂ ಕರಾರಿನಲ್ಲಿ ಬಂದಿದೆ.

ಇದನ್ನು ಓದುವಾಗ ಸುಮಾರು ೧೮೭೦ ವರ್ಷಗಳ ಅಂತರ ಮರೆತುಹೋಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ‘ಬೆರಳಚ್ಚು ಮತ್ತು ಶೀಘ್ರಲಿಪಿ’ ಎಂಬ ಫಲಕವನ್ನು ನಾವು ನೋಡಿದ್ದೇವೆ. ಕಾಲೇಜು ಬಿಟ್ಟ ಮೇಲೆ ಅಲ್ಲಿ ಹೋಗಿ ಕೂರುವ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಕಂತಿನಲ್ಲಿ ಶುಲ್ಕ, ಮೊದಲು ಗುರುತುಗಳ ಪಾಠ, ಆಮೇಲೆ ಉಕ್ತಲೇಖನ, ಕೊನೆಗೆ ಓದಿ ಹೇಳುವ ಪರೀಕ್ಷೆ: ಕ್ರಮವೇನೂ ಬದಲಾಗಿಲ್ಲ. ಅಪೊಲೋನಿಯಸನ ಕರಾರಿನಲ್ಲಿ ‘ಬರೆಯುವುದು’ ಒಂದು, ‘ಓದುವುದು’ ಇನ್ನೊಂದು ಎಂದು ಬೇರೆ ಮಾಡಿ ಹೇಳಿರುವುದನ್ನು ಗಮನಿಸಬೇಕು. ಶೀಘ್ರಲಿಪಿಯಲ್ಲಿ ಬರೆಯುವುದು ಅರ್ಧ ವಿದ್ಯೆ. ತಾನು ಬರೆದುದನ್ನು ತಾನೇ ಓದಬಲ್ಲವನಾಗುವುದು ಉಳಿದರ್ಧ. ಆ ಹುಡುಗನು ಕಲಿತನೆ, ಕಲಿತು ಟೈರೋವಿನಂತೆ ಬಿಡುಗಡೆ ಪಡೆದನೆ ಎಂಬುದನ್ನು ಕಾಗದವು ಹೇಳುವುದಿಲ್ಲ.

ಅಳಿವು ಮತ್ತು ಮರುಹುಟ್ಟು

ಗುರುತುಗಳ ಸಂಖ್ಯೆ ಬೆಳೆಯುತ್ತ ಹೋದಂತೆ ರೋಮನರ ಪದ್ಧತಿಯು ಭಾರವಾಯಿತು. ಸೆನೆಕನ ಹೆಸರಿನಲ್ಲಿ ೫,೦೦೦ ಚಿಹ್ನೆಗಳ ಸಂಗ್ರಹವಿದ್ದಿತೆಂದು ಹೇಳುತ್ತಾರೆ. ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ಅದು ಸುಮಾರು ೧೩,೦೦೦ಕ್ಕೆ ಏರಿತು. ಪ್ರತಿ ಪದಕ್ಕೆ ಒಂದು ಚಿಹ್ನೆ ಎಂದರೆ ಪ್ರತಿ ಪದವನ್ನೂ ಎರಡು ಸಲ ಕಲಿತಂತೆಯೇ. ಸಂಕ್ಷೇಪಗಳಲ್ಲಿ ಇನ್ನೊಂದು ಅಪಾಯವೂ ಇತ್ತು. ಒಂದು ಗುರುತನ್ನು ಎರಡು ಬಗೆಯಾಗಿ ಓದಲು ಸಾಧ್ಯವಾದರೆ ನ್ಯಾಯದ ಗತಿಯೇನು? ಜಸ್ಟಿನಿಯನ್ ಚಕ್ರವರ್ತಿಯು ೫೩೩ರಲ್ಲಿ ತನ್ನ ಕಾನೂನು ಸಂಹಿತೆಯನ್ನು ಪ್ರಕಟಿಸಿದಾಗ, ಅದರ ಪ್ರತಿಗಳಲ್ಲಿ ಸಂಕ್ಷೇಪಾಕ್ಷರಗಳನ್ನು ಬಳಸಬಾರದೆಂದು ಕಟ್ಟುನಿಟ್ಟಾಗಿ ವಿಧಿಸಿದನು. ಗಣಪತಿಯ ಕಟ್ಟುಪಾಡಿಗಿಂತ ವ್ಯಾಸರ ಕಟ್ಟುಪಾಡೇ ದೊಡ್ಡದೆಂದು ಅವನು ತೀರ್ಪು ಕೊಟ್ಟಂತಾಯಿತು. ಕ್ರಮೇಣ ಟೈರೋನಿಯನ್ ಗುರುತುಗಳು ಮರೆತುಹೋದವು. ‘ಮತ್ತು’ ಎಂಬರ್ಥದ, ಇಂಗ್ಲಿಷಿನ ಏಳರ ಅಂಕಿಯನ್ನು ಹೋಲುವ ಒಂದು ಚಿಹ್ನೆ ಮಾತ್ರ ಐರ್ಲೆಂಡಿನ ಬೀದಿಯ ಫಲಕಗಳಲ್ಲಿ ಇಂದಿಗೂ ಬದುಕಿದೆ.

ಶೀಘ್ರಲಿಪಿಯು ಮರಳಿ ಹುಟ್ಟಿದುದು ಇಂಗ್ಲೆಂಡಿನಲ್ಲಿ. ೧೫೮೮ರಲ್ಲಿ ತಿಮೊತಿ ಬ್ರೈಟ್ ಎಂಬ ವೈದ್ಯನು ‘ಕ್ಯಾರೆಕ್ಟರಿ’ ಎಂಬ ಗ್ರಂಥವನ್ನು ಬರೆದು ಎಲಿಜಬೆತ್ ರಾಣಿಗೆ ಅರ್ಪಿಸಿದನು. ಅವನದೂ ಪದಕ್ಕೊಂದು ಚಿಹ್ನೆಯ ದಾರಿಯೇ. ಐನೂರಕ್ಕೂ ಹೆಚ್ಚು ಪದಗಳಿಗೆ ಚಿಹ್ನೆಗಳನ್ನು ಬಾಯಿಪಾಠ ಮಾಡಬೇಕಾಗಿತ್ತು. ಚಿಹ್ನೆಯಿಲ್ಲದ ಪದ ಬಂದರೆ ಅದೇ ಅರ್ಥದ ಇನ್ನೊಂದು ಪದದ ಚಿಹ್ನೆಯನ್ನು ಬರೆದು ಪಕ್ಕದಲ್ಲಿ ಮೂಲಪದದ ಮೊದಲಕ್ಷರವನ್ನು ಸೂಚಿಸುವುದು! ಇದರ ಕಷ್ಟವನ್ನು ಕಂಡ ಜಾನ್ ವಿಲ್ಲಿಸ್ ಎಂಬುವನು ೧೬೦೨ರಲ್ಲಿ ಅಕ್ಷರಕ್ಕೊಂದು ಸರಳ ಗೆರೆಯನ್ನು ಗೊತ್ತುಮಾಡಿ, ಅಕ್ಷರಗಳಿಂದಲೇ ಪದ ಕಟ್ಟುವ ಪದ್ಧತಿಯನ್ನು ತಂದನು. ಇದು ದೊಡ್ಡ ತಿರುವು. ಸಾವಿರಾರು ಚಿಹ್ನೆಗಳ ಬದಲು ಇಪ್ಪತ್ತು ಚಿಲ್ಲರೆ ಗೆರೆಗಳು ಸಾಕಾದವು.

ವಿಲ್ಲಿಸನ ದಾರಿಯಲ್ಲಿ ನಡೆದ ಥಾಮಸ್ ಶೆಲ್ಟನ್ ೧೬೨೬ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಿಸಿದನು. ವಿಜ್ಞಾನಿ ಐಸಾಕ್ ನ್ಯೂಟನ್ ತಾರುಣ್ಯದಲ್ಲಿ ಅದನ್ನು ಬಳಸಿದ್ದನು. ಸ್ಯಾಮ್ಯುಯೆಲ್ ಪೀಪ್ಸ್ ೧೬೬೦ರಿಂದ ೧೬೬೯ರವರೆಗೆ ಬರೆದ ಪ್ರಸಿದ್ಧ ದಿನಚರಿಯೂ ಶೆಲ್ಟನ್ ಲಿಪಿಯಲ್ಲಿದೆ. ೧೬೬೫ರ ಪ್ಲೇಗು, ೧೬೬೬ರ ಲಂಡನ್ ಬೆಂಕಿ ಅನಾಹುತ, ತನ್ನ ಮನೆಯ ಜಗಳ, ಎಲ್ಲವನ್ನೂ ಅವನು ಆ ಗೆರೆಗಳಲ್ಲಿ ಬಚ್ಚಿಟ್ಟನು. ಆರು ಸಂಪುಟಗಳು ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿ ಸುಮಾರು ನೂರು ವರ್ಷ ಓದುವವರಿಲ್ಲದೆ ಬಿದ್ದಿದ್ದವು. ೧೮೧೯ರಲ್ಲಿ ಜಾನ್ ಸ್ಮಿತ್ ಎಂಬ ಒಬ್ಬ ವಿದ್ಯಾರ್ಥಿಗೆ ಆ ಕೆಲಸವನ್ನು ಒಪ್ಪಿಸಿದರು. ಅವನು ಸುಮಾರು ಮೂರು ವರ್ಷ, ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ಕುಳಿತು, ಗೆರೆಗೆರೆಯನ್ನೂ ಬಿಡಿಸಿ ಓದಿದನು. ದಿನಚರಿಯ ಆಯ್ದ ಭಾಗಗಳು ೧೮೨೫ರಲ್ಲಿ ಅಚ್ಚಾದವು. ಶೆಲ್ಟನ್ ಪದ್ಧತಿಯನ್ನು ಕಲಿಸುವ ಪುಸ್ತಕವು ಅದೇ ಪೀಪ್ಸನ ಗ್ರಂಥಭಂಡಾರದಲ್ಲಿ, ದಿನಚರಿಯಿಂದ ಕೈಯಳತೆಯ ದೂರದಲ್ಲಿಯೇ ಇತ್ತು. ಯಾರೂ ಅದನ್ನು ಸ್ಮಿತ್‌ನಿಗೆ ತೋರಿಸಿರಲಿಲ್ಲ!

ಹದಿನೆಂಟನೆಯ ಶತಮಾನದಲ್ಲಿ ಶೀಘ್ರಲಿಪಿಯು ನ್ಯಾಯಾಲಯಕ್ಕೆ ಕಾಲಿಟ್ಟಿತು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಥಾಮಸ್ ಗರ್ನಿಯೂ ಅವನ ವಂಶದವರೂ ವಿಚಾರಣೆಗಳನ್ನು ಬರೆದುಕೊಳ್ಳುತ್ತಿದ್ದರು. ನಮ್ಮ ದೇಶಕ್ಕೆ ಸಂಬಂಧಿಸಿದ ಮಹಾಪ್ರಕರಣವೊಂದು ಗರ್ನಿಯವರ ಲೇಖನಿಯಿಂದಲೇ ಉಳಿಯಿತು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ಮೇಲೆ ೧೭೮೮ರಿಂದ ೧೭೯೫ರವರೆಗೆ ನಡೆದ ವಿಚಾರಣೆಯಲ್ಲಿ ಎಡ್ಮಂಡ್ ಬರ್ಕ್ ಮೊದಲಾದವರು ಮಾಡಿದ ಭಾಷಣಗಳನ್ನು ಮುಂದೆ ಮುದ್ರಿಸಿದುದು ಗರ್ನಿ ಶೀಘ್ರಲಿಪಿಯ ಟಿಪ್ಪಣಿಗಳಿಂದ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಇದೇ ಗರ್ನಿ ಪದ್ಧತಿಯನ್ನು ಕಲಿತು, ಮೊದಲು ಕೋರ್ಟಿನಲ್ಲಿಯೂ ಆಮೇಲೆ ಪಾರ್ಲಿಮೆಂಟಿನಲ್ಲಿಯೂ ವರದಿಗಾರನಾಗಿ ದುಡಿದನು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ ಬೂಟುಮಸಿಯ ಕಾರ್ಖಾನೆಯಲ್ಲಿ ಕೂಲಿ ಮಾಡಿದ ಹುಡುಗನು ಮೇಲೆ ಬರಲು ಹಿಡಿದ ಏಣಿ ಅದು. ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ನಾಯಕನು ಆ ಗುರುತುಗಳೊಡನೆ ಪಡುವ ಪಾಡನ್ನು ಓದಿದವರಿಗೆ, ಅದು ಬರೆದವನ ಸ್ವಂತ ಅನುಭವವೆಂದು ತಿಳಿಯದೆ ಇರದು.

ಪಿಟ್‌ಮನ್ ಮತ್ತು ನಮ್ಮ ವರ್ಣಮಾಲೆ

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು. ಕಾಗುಣಿತವನ್ನು ಬಿಟ್ಟು ಧ್ವನಿಯನ್ನೇ ಬರೆದರೆ ಎಷ್ಟೋ ಅಕ್ಷರಗಳು ಉಳಿಯುತ್ತವೆ. ಈ ತತ್ತ್ವವನ್ನು ಶಾಸ್ತ್ರೀಯವಾಗಿ ಹಿಡಿದು ಗೆದ್ದವನು ಐಸಾಕ್ ಪಿಟ್‌ಮನ್ ಎಂಬ ಶಾಲಾಮಾಸ್ತರ. ೧೮೩೭ರಲ್ಲಿ ಅವನು ನಾಲ್ಕು ಪೆನ್ನಿ ಬೆಲೆಯ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದನು. ೧೮೪೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದಾಗ, ಅಂಚೆಯ ಮೂಲಕವೇ ಪಾಠ ಕಲಿಸತೊಡಗಿದನು.

ಪಿಟ್‌ಮನ್ ಪದ್ಧತಿಯಲ್ಲಿ ವ್ಯಂಜನಗಳನ್ನು ಕಲಿಸುವ ಕ್ರಮ ಹೀಗಿದೆ: ಪ್, ಬ್, ಟ್, ಡ್, ಚ್, ಜ್, ಕ್, ಗ್. ಕನ್ನಡ ವಿದ್ಯಾರ್ಥಿಗೆ ಇದನ್ನು ಕಂಡೊಡನೆ ಏನೋ ಪರಿಚಿತವೆನಿಸುತ್ತದೆ. ಬಾಲ್ಯದಿಂದ ನಾವು ಹೇಳಿಕೊಂಡು ಬಂದ ವರ್ಗಾಕ್ಷರಗಳು ಗಂಟಲಿನಿಂದ ಹೊರಟು ತುಟಿಗೆ ಬರುತ್ತವೆ: ಕ, ಚ, ಟ, ತ, ಪ. ಪಿಟ್‌ಮನ್ ಅದೇ ದಾರಿಯನ್ನು ತುಟಿಯಿಂದ ಗಂಟಲಿಗೆ ನಡೆದಿದ್ದಾನೆ. ಅಷ್ಟೇ ಅಲ್ಲ. ನಮ್ಮ ವರ್ಗದ ಮೊದಲನೆಯ ಅಕ್ಷರಕ್ಕೂ ಮೂರನೆಯ ಅಕ್ಷರಕ್ಕೂ ಇರುವ ಸಂಬಂಧವನ್ನು, ಎಂದರೆ ಕ-ಗ, ಚ-ಜ, ಪ-ಬಗಳ ಜೋಡಿಯನ್ನು, ಅವನು ಒಂದೇ ಗೆರೆಯಿಂದ ತೋರಿಸುತ್ತಾನೆ: ತೆಳುವಾಗಿ ಎಳೆದರೆ ‘ಪ್’, ಅದನ್ನೇ ಒತ್ತಿ ದಪ್ಪವಾಗಿ ಎಳೆದರೆ ‘ಬ್’. ಟ್ ನೆಟ್ಟಗೆ ನಿಂತ ಗೆರೆ, ಕ್ ಮಲಗಿದ ಗೆರೆ. ಪ್ ಮತ್ತು ಚ್ ಎರಡು ಕಡೆಗೆ ಓರೆಯಾದ ಗೆರೆಗಳು. ಸ್ವರಗಳಿಗೆ ಪಕ್ಕದಲ್ಲಿ ಚುಕ್ಕೆ ಅಥವಾ ಸಣ್ಣ ಗೀಟು. ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಾಲಕ್ಕೆ, ಎಂದರೆ ೧೩ನೆಯ ಶತಮಾನಕ್ಕೆ, ನಮ್ಮಲ್ಲಿ ಪಾಠಶಾಲೆಯ ಮಾತಾಗಿದ್ದ ಧ್ವನಿವಿಂಗಡಣೆಯು ಇಂಗ್ಲೆಂಡಿನ ವೇಗದ ಬರಹಕ್ಕೆ ೧೯ನೆಯ ಶತಮಾನದಲ್ಲಿ ಅಡಿಪಾಯವಾಯಿತು. ಅಡಿಪಾಯದ ಜ್ಞಾನ ನಮ್ಮ ಬಳಿಯಿತ್ತು. ಅದರ ಮೇಲೆ ಈ ಮನೆ ಕಟ್ಟಬೇಕೆಂಬ ಅಗತ್ಯ ನಮಗೆ ತೋರಿರಲಿಲ್ಲ, ಅಷ್ಟೆ.

ಭಾರತದಲ್ಲಿ

ಶೀಘ್ರಲಿಪಿಯ ಋಣ ನಮ್ಮ ದೇಶದ ಮೇಲೆ ಎಷ್ಟಿದೆಯೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಸ್ವಾಮಿ ವಿವೇಕಾನಂದರು ಮೊದಲೇ ಬರೆದಿಟ್ಟುಕೊಂಡು ಭಾಷಣ ಮಾಡುವವರಲ್ಲ. ನ್ಯೂಯಾರ್ಕಿನ ಶಿಷ್ಯರು ೧೮೯೫ರ ಡಿಸೆಂಬರಿನಲ್ಲಿ ಜೆ. ಜೆ. ಗುಡ್‌ವಿನ್ ಎಂಬ ಇಂಗ್ಲಿಷ್ ಶೀಘ್ರಲಿಪಿಗಾರನನ್ನು ಸಂಬಳಕ್ಕೆ ಗೊತ್ತುಮಾಡಿದರು. ಸಂಬಳಕ್ಕೆ ಬಂದವನು ಶಿಷ್ಯನಾಗಿ ಉಳಿದನು. ೧೮೯೭ರಲ್ಲಿ ಸ್ವಾಮೀಜಿಯೊಡನೆ ಭಾರತಕ್ಕೆ ಬಂದು ಇಲ್ಲಿಯ ಭಾಷಣಗಳನ್ನೂ ಬರೆದುಕೊಂಡನು. ೧೮೯೮ರ ಜೂನ್ ೨ರಂದು, ಇಪ್ಪತ್ತೆಂಟು ತುಂಬುವ ಮುನ್ನವೇ, ನಮ್ಮ ಪಕ್ಕದ ಊಟಿಯಲ್ಲಿ ತೀರಿಕೊಂಡನು. ವಿವೇಕಾನಂದರ ಕೃತಿಗಳೆಂದು ನಾವು ಓದುವುದರಲ್ಲಿ ದೊಡ್ಡ ಪಾಲು ಆ ತರುಣನ ಗೆರೆಗಳಲ್ಲಿ ಉಳಿದುಬಂದ ಮಾತು.

ದೇಶಭಾಷೆಗಳಲ್ಲಿಯೂ ಪ್ರಯತ್ನಗಳು ನಡೆದವು. ರವೀಂದ್ರನಾಥ ಠಾಕೂರರ ಹಿರಿಯಣ್ಣ ದ್ವಿಜೇಂದ್ರನಾಥರು ಬಂಗಾಳಿಗಾಗಿ ರೇಖಾಕ್ಷರ ಪದ್ಧತಿಯೊಂದನ್ನು ರಚಿಸಿ, ಅದರ ನಿಯಮಗಳನ್ನು ಪದ್ಯದಲ್ಲಿಯೇ ಹೇಳಿ ೧೯೧೨ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿಯೂ ಧ್ವನಿಯನ್ನು ಗೆರೆಯಾಗಿಸುವ ಇದೇ ತತ್ತ್ವದ ಮೇಲೆ ಶೀಘ್ರಲಿಪಿ ನೆಲೆಗೊಂಡಿತು. ೧೯೬೩ರಲ್ಲಿ ಕನ್ನಡವು ಕಾಯಿದೆಯ ಮೂಲಕ ರಾಜ್ಯದ ಆಡಳಿತ ಭಾಷೆಯಾದ ಮೇಲೆ ಕಚೇರಿಗಳಲ್ಲಿ ಅದರ ಅಗತ್ಯವೂ ಹೆಚ್ಚಿತು. ಇಂದು ರಾಜ್ಯದ ಪರೀಕ್ಷಾ ಮಂಡಳಿಯು ಕನ್ನಡ ಶೀಘ್ರಲಿಪಿಗೂ ಜೂನಿಯರ್, ಸೀನಿಯರ್ ದರ್ಜೆಗಳ ಪರೀಕ್ಷೆ ನಡೆಸುತ್ತದೆ.

ಕನ್ನಡದ ಗೆರೆಗಳಿಗೆ ಕನ್ನಡದ್ದೇ ಆದ ತೊಡಕುಗಳಿವೆ. ವೇಗ ಹೆಚ್ಚಿದಂತೆ ಬರೆಯುವವನು ಸ್ವರದ ಚುಕ್ಕೆಗಳನ್ನು ಬಿಡುತ್ತಾನೆ. ಆಗ ಕರೆ, ಕೆರೆ, ಕುರಿ, ಕಾರು, ಕೋರಿ, ಎಲ್ಲವೂ ಕಕಾರ ರಕಾರಗಳ ಒಂದೇ ಆಕಾರವಾಗಿ ನಿಲ್ಲುತ್ತವೆ. ಬಳೆಯೂ ಬಾಳೆಯೂ ಬೇಳೆಯೂ ಒಂದಾಗುತ್ತವೆ. ಹಿಂದುಮುಂದಿನ ಮಾತಿನಿಂದಲೇ ಅವುಗಳನ್ನು ಬೇರ್ಪಡಿಸಬೇಕು. ಎರಡನೆಯದಾಗಿ, ನಮ್ಮ ಪದಗಳು ಉದ್ದ. ‘ಹೋಗಬೇಕಾಗಿತ್ತಲ್ಲವೇ’ ಎಂಬುದು ನಮಗೆ ಒಂದು ಪದ. ಇಂಗ್ಲಿಷಿನವನಿಗೆ ಅದು ಒಂದು ವಾಕ್ಯ. ಆದ್ದರಿಂದ ನಿಮಿಷಕ್ಕೆ ಇಂತಿಷ್ಟು ಪದವೆಂಬ ಅಳತೆಯು ಎರಡು ಭಾಷೆಗಳಲ್ಲಿ ಒಂದೇ ತೂಕದ್ದಲ್ಲ. ಮೂರನೆಯದಾಗಿ, ಜನರು ಆಡುವ ಕನ್ನಡವು ಪುಸ್ತಕದ ಕನ್ನಡವಲ್ಲ. ಪಾಠದಲ್ಲಿ ‘ಬಿಟ್ಟುಬಿಟ್ಟೆನು’ ಎಂದಿರುವುದನ್ನು ಮಾಗಡಿಯ ಕಡೆಯವರು ‘ಬುಟ್‌ಬುಟ್ಟೆ’ ಎನ್ನುತ್ತಾರೆ. ಆಡಿದ್ದನ್ನು ಬರೆಯಬೇಕೋ, ತಿದ್ದಿ ಬರೆಯಬೇಕೋ? ಇದು ಲಿಪಿಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನ ತಂದೆಯವರು ಓದುಬರಹ ಬಲ್ಲವರಲ್ಲ. ಜಮೀನಿನ ಒಂದು ವಿಷಯಕ್ಕಾಗಿ ಒಮ್ಮೆ ಒಂದು ಕಚೇರಿಯಲ್ಲಿ ಅವರು ಹೇಳಿಕೆ ಕೊಡಬೇಕಾಯಿತು. ಅರ್ಧ ಗಂಟೆ ಹೇಳಿದರು. ಬರೆದುಕೊಂಡುದು ಆರು ಸಾಲು. ಅದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮನೆಗೆ ತಂದ ಪ್ರತಿಯನ್ನು ನಾನು ಓದಿ ಹೇಳಿದಾಗ, “ನಾನೇಳಿದ್ದು ಇಷ್ಟೇ ಅಲ್ಲ ಕಣಪ್ಪ” ಎಂದರು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಯಾರು ಉತ್ತರು, ಯಾವ ವರ್ಷ ಮಳೆ ಹೋಯಿತು, ಯಾರ ಎದುರಿಗೆ ಮಾತಾಯಿತು ಎಂದು ಅವರು ಒಂದೊಂದಾಗಿ ಹೇಳಿದ್ದಾವುದೂ ಅಲ್ಲಿರಲಿಲ್ಲ. ಬರೆಯಲಾರದವನ ಮಾತು ಬರೆಯುವವನ ಕೈಯಷ್ಟೇ ಉದ್ದ. ಕೇಟೋವಿನ ಮಾತಿಗೆ ಸಭೆಯ ತುಂಬ ಲೇಖಕರಿದ್ದರು. ನಮ್ಮ ರೈತನ ಮಾತಿಗೆ ಒಬ್ಬನಾದರೂ ಪೂರ್ತಿ ಬರೆಯಬಲ್ಲವನು ಬೇಡವೇ?

ಇಂದಿನ ಪ್ರಶ್ನೆ

ಧ್ವನಿಮುದ್ರಣ ಯಂತ್ರವು ಎಲ್ಲರ ಜೇಬಿನಲ್ಲಿರುವಾಗ ಈ ಗೆರೆಗಳೇಕೆ ಎಂದು ಸ್ನೇಹಿತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ೨೦೨೩ರ ಫೆಬ್ರವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಸಂವಿಧಾನ ಪೀಠದ ವಿಚಾರಣೆಯೊಂದರಲ್ಲಿ ಮಾತನ್ನು ಯಂತ್ರದಿಂದಲೇ ಕೂಡಲೇ ಬರಹವಾಗಿಸುವ ಪ್ರಯೋಗವನ್ನು ಆರಂಭಿಸಿತು. ಮುಂದೆ ಕೆಳಗಿನ ನ್ಯಾಯಾಲಯಗಳಿಗೂ ಅದು ಬರಬಹುದು. ಶೀಘ್ರಲಿಪಿಗಾರರ ಹುದ್ದೆಗಳು ಕಡಿಮೆಯಾಗಬಹುದು. ಕೇಂದ್ರ ಸರ್ಕಾರದ ಸಿಬ್ಬಂದಿ ನೇಮಕಾತಿ ಆಯೋಗದ ಶೀಘ್ರಲಿಪಿ ಪರೀಕ್ಷೆಯಲ್ಲಿ ಹತ್ತು ನಿಮಿಷಗಳ ಉಕ್ತಲೇಖನಕ್ಕೆ ಇಂಗ್ಲಿಷ್ ಅಥವಾ ಹಿಂದಿಗೆ ಮಾತ್ರ ಅವಕಾಶ. ಕನ್ನಡದಲ್ಲಿ ಕಲಿತವನು ರಾಜ್ಯದ ಹುದ್ದೆಗಳನ್ನೇ ನೆಚ್ಚಬೇಕು. ಸಂಜೆಯ ತರಗತಿಗಳಿಗೆ ಶುಲ್ಕ ಕಟ್ಟುವ ಮುನ್ನ ಇದನ್ನೆಲ್ಲ ತಿಳಿದಿರುವುದು ಒಳ್ಳೆಯದು.

ಆದರೂ ಈ ವಿದ್ಯೆ ವ್ಯರ್ಥವೆಂದು ನನಗೆ ತೋರುವುದಿಲ್ಲ. ಚರಿತ್ರೆಯನ್ನು ನೋಡಿದರೆ, ಸೋತ ಪದ್ಧತಿಗಳೆಲ್ಲ ನಿಧಾನದಿಂದ ಸೋತವಲ್ಲ. ಬ್ರೈಟನ ಚಿಹ್ನೆಗಳು ನೆನಪಿಗೆ ಭಾರವಾಗಿ ಸೋತವು. ರೋಮನ್ ಸಂಕ್ಷೇಪಗಳು ಸಂದೇಹಕ್ಕೆ ಎಡೆಕೊಟ್ಟು ನ್ಯಾಯದಿಂದ ಹೊರಬಿದ್ದವು. ಶೆಲ್ಟನನ ಗೆರೆಗಳು ಓದುವವರಿಲ್ಲದೆ ನೂರು ವರ್ಷ ಮೂಕವಾದವು. ಯಂತ್ರವು ಬರೆದುಕೊಟ್ಟರೂ ಅದು ಕೆರೆಯೋ ಕರೆಯೋ, ಬುಟ್ಟೆಯೋ ಬಿಟ್ಟೆಯೋ ಎಂದು ತಿಳಿದು, ಹೇಳಿದವನಿಗೆ ಓದಿ ಹೇಳಿ, ಹೌದೆನ್ನಿಸಿಕೊಳ್ಳುವ ಕೆಲಸ ಮನುಷ್ಯನದಾಗಿಯೇ ಉಳಿಯುತ್ತದೆ. ಅದಕ್ಕೆ ಬೇಕಾದುದು ಕಿವಿಗೊಟ್ಟು ಕೇಳುವ ಅಭ್ಯಾಸ. ಶೀಘ್ರಲಿಪಿಯು ಕಲಿಸುವುದು ಮೊದಲು ಅದನ್ನೇ. ಒಂದು ಪದವನ್ನು ತಪ್ಪಿಸಿಕೊಳ್ಳದಂತೆ ಇನ್ನೊಬ್ಬನ ಮಾತನ್ನು ಕೇಳುವುದು ಸಣ್ಣ ಶಿಕ್ಷಣವಲ್ಲ.

ಅಪೊಲೋನಿಯಸನು ಕೊನೆಯ ಕಂತನ್ನು ಪಡೆಯಬೇಕಾದರೆ ಶಿಷ್ಯನು ತಡೆಯಿಲ್ಲದೆ ಬರೆದರೆ ಸಾಲದು, ತಪ್ಪಿಲ್ಲದೆ ಓದಬೇಕಾಗಿತ್ತು. ನಾಡಿನ ಕಚೇರಿಗಳಲ್ಲಿ ನಾಳೆ ಕುಳಿತು ಜನರ ಮಾತನ್ನು ಬರೆದುಕೊಳ್ಳುವವರು ಇಂದು ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿಯೇ ಅನೇಕರು. ಕೈಯಲ್ಲಿ ಲೇಖನಿ ಇರಲಿ, ಯಂತ್ರವಿರಲಿ, ಬರೆದುದನ್ನು ಹೇಳಿದವರ ಎದುರಿಗೇ ಓದಿ ತೋರಿಸುವ ಆ ಹಳೆಯ ಕರಾರನ್ನು ನಾವು ಪಾಲಿಸಿದರೆ, ಈ ವಿದ್ಯೆಯನ್ನು ಕಟ್ಟಿ ಬೆಳೆಸಿದ ಹೆಸರಿಲ್ಲದ ಲೇಖಕರ ಋಣವನ್ನು ಸ್ವಲ್ಪವಾದರೂ ತೀರಿಸಿದಂತಾಗುತ್ತದೆ.